ತೋಳಿನ ಮೂಳೆ ಹತ್ತು ತಿಂಗಳಾದರೂ ಕೂಡಿಲ್ಲ, ಸೊಂಟದ ಮೂಳೆ ತೆಗೆದು ಕಸಿ ಮಾಡಬೇಕಂತೆ. ಮಾಡಿಸಿದವರು ಇದ್ದೀರಾ?

ಮೆಣಸುಬಳ್ಳಿ, ಮಾದಾಪುರ ಕಡೆ · ಜನವರಿ 14

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಣ್ಣ ಹೋದ ವರ್ಷ ಮಾರ್ಚ್‌ನಲ್ಲಿ ಮೆಣಸು ಕೊಯ್ಯುವಾಗ ಬಿದ್ದರು. ಸಿಲ್ವರ್ ಓಕ್ ಮರ, ಒಂಟಿ ಬಿದಿರಿನ ಏಣಿ. ಹದಿನೈದು ಅಡಿ ಇರಬಹುದು. ಬಲಗೈಯ ಮೇಲ್ತೋಳಿನ ಮೂಳೆ ನಟ್ಟನಡುವೆ ಮುರಿಯಿತು. ಅವತ್ತೇ ಮಣಿಕಟ್ಟು ಜೋತುಬಿತ್ತು, ಬೆರಳು ಎತ್ತಲು ಆಗುತ್ತಿರಲಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ ಪ್ಲೇಟ್ ಹಾಕಿಸಿದೆವು. ಮಣಿಕಟ್ಟು ನಾಲ್ಕು ತಿಂಗಳಲ್ಲಿ ಸರಿಹೋಯಿತು. ಮೂಳೆ ಮಾತ್ರ ಕೂಡಲಿಲ್ಲ.

ತೋಳು ಎತ್ತಿದರೆ ಮುರಿದ ಜಾಗದಲ್ಲಿ ಏನೋ ಅಲ್ಲಾಡಿದ ಹಾಗೆ ಆಗುತ್ತದೆ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಸಡಿಲವಾಗಿ ಹೊರಗೆ ಬಂದಿದೆ. ಡಾಕ್ಟರು 'ನಾನ್ ಯೂನಿಯನ್' ಎಂದರು. ಹಳೇ ಪ್ಲೇಟ್ ಬಿಚ್ಚಿ, ಸೊಂಟದಿಂದ ಮೂಳೆ ತೆಗೆದು ಅಲ್ಲಿ ತುಂಬಿ, ಇನ್ನೂ ಉದ್ದದ ಪ್ಲೇಟ್ ಹಾಕಬೇಕಂತೆ.

ಅಮ್ಮ ಒಪ್ಪುತ್ತಿಲ್ಲ. 'ಕೈ ಹೋಗಿದ್ದು ಸಾಲದಾ, ಚೆನ್ನಾಗಿರುವ ಸೊಂಟಕ್ಕೂ ಕತ್ತಿ ಹಾಕಬೇಕಾ' ಎನ್ನುತ್ತಾರೆ. ಅಣ್ಣನಿಗೆ 46. ಶುಗರ್ ಇಲ್ಲ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದೆ. ನಾಲ್ಕು ಎಕರೆ ತೋಟ, ದುಡಿಯುವ ಕೈ ಅದೊಂದೇ. ಈಗ ಕಾಫಿ ಕೊಯ್ಲು ಬೇರೆ. ಮಾಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಾರಂಗಿ ದಂಡೆ · ಜನವರಿ 14

ಅಕ್ಕಾ, ಆತುರ ಬೇಡ. ನಮ್ಮ ಮಾವನಿಗೆ ಹೀಗೇ ಆಗಿತ್ತು. ನಾಟಿ ವೈದ್ಯರ ಹತ್ತಿರ ಎಣ್ಣೆ ಹಾಕಿ ಬಿದಿರು ಪಟ್ಟಿ ಕಟ್ಟಿಸಿದೆವು, ಆರು ವಾರದಲ್ಲಿ ಕೂಡಿತು. ಮಂಗರವಳ್ಳಿ ಚಟ್ನಿ ಮಾಡಿಕೊಡಿ, ಕುರಿಕಾಲಿನ ಸೂಪು ಕೊಡಿ.

ನಾಪೋಕ್ಲು ನಂಟ · ಜನವರಿ 14

ಊರು ನಾಪೋಕ್ಲು, ಈಗ ಮಂಗಳೂರಿನಲ್ಲಿ ಮೂಳೆ ವಿಭಾಗದಲ್ಲಿ ಕೆಲಸ. ಎಕ್ಸ್‌ರೇ ನೋಡದೆ ಯಾರ ಕೈ ಬಗ್ಗೆಯೂ ತೀರ್ಪು ಹೇಳುವುದಿಲ್ಲ. ಪೊಟೋ ಹಾಕಿದರೂ ಹೇಳುವುದಿಲ್ಲ.

ಹಾರಂಗಿ ದಂಡೆಯವರೇ, ನಿಮ್ಮ ಮಾವನ ಮೂಳೆ ಕೂಡಿದ್ದನ್ನು ನಾನು ನಂಬುತ್ತೇನೆ. ಮೇಲ್ತೋಳಿನ ಮೂಳೆಗೆ ಸುತ್ತಲೂ ಮಾಂಸ ಜಾಸ್ತಿ, ರಕ್ತ ಜಾಸ್ತಿ. ಹೊಸದಾಗಿ ಮುರಿದದ್ದರಲ್ಲಿ ಹೆಚ್ಚಿನವು ಆಪರೇಷನ್ ಇಲ್ಲದೆ ಬರೀ ಬ್ರೇಸ್‌ನಲ್ಲೇ, ಅಂದರೆ ತೋಳಿನ ಸುತ್ತ ಬಿಗಿಯುವ ಕವಚದಲ್ಲೇ, ಕೂಡುತ್ತವೆ. 1970ರ ದಶಕದಲ್ಲಿ ಸಾರ್ಮಿಯೆಂಟೊ ಎಂಬ ಸರ್ಜನ್ ಇದನ್ನು ಲೆಕ್ಕ ಇಟ್ಟು ತೋರಿಸಿದರು, ನಾವೂ ಇವತ್ತಿಗೂ ಹಾಗೇ ಮಾಡುತ್ತೇವೆ. ಆದರೆ ಇದು ಹೊಸ ಮುರಿತ ಅಲ್ಲ. ಹತ್ತು ತಿಂಗಳಾಗಿದೆ, ಸ್ಕ್ರೂ ಸಡಿಲವಾಗಿದೆ. ಒಂಬತ್ತು ತಿಂಗಳು ಕಳೆದು, ಕೊನೆಯ ಮೂರು ತಿಂಗಳಲ್ಲಿ ಎಕ್ಸ್‌ರೇ ಒಂದಿಷ್ಟೂ ಬದಲಾಗದಿದ್ದರೆ ಅದು ತಾನಾಗಿ ಕೂಡುವ ಆಸೆ ಬಿಡಬೇಕು. ಎರಡು ತುದಿಗಳ ನಡುವೆ ಈಗ ಗಟ್ಟಿ ನಾರು ತುಂಬಿರುತ್ತದೆ. ಅದರ ಮೇಲೆ ಎಷ್ಟು ಬಿಗಿ ಕಟ್ಟಿದರೂ ನಾರು ಮೂಳೆ ಆಗುವುದಿಲ್ಲ. ಬಿಗಿ ಕಟ್ಟಿ ರಕ್ತ ನಿಂತು ಬೆರಳು ಕಪ್ಪಾಗಿ ಬಂದವರನ್ನು ನಾನೇ ನೋಡಿದ್ದೇನೆ. ಚಟ್ನಿ, ಸೂಪು ಊಟಕ್ಕೆ ಒಳ್ಳೆಯದೇ, ತಿನ್ನಲಿ.

ಮೆಣಸುಬಳ್ಳಿ ಅಕ್ಕಾ, ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ: 'ಯಾಕೆ ಕೂಡಲಿಲ್ಲ?' ಒಳಗೆ ಸೋಂಕು ಇದೆಯಾ ಅಂತ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಆಗಿದೆಯಾ? ವಿಟಮಿನ್ ಡಿ ನೋಡಿದ್ದಾರಾ? ಅದು ಗೊತ್ತಾಗದೆ ಕಸಿ ಮಾಡಿದರೆ ಅದೂ ವ್ಯರ್ಥ ಆಗಬಹುದು. ಮತ್ತೆ ಹೊಗೆಸೊಪ್ಪು ಇವತ್ತೇ ನಿಲ್ಲಬೇಕು. ನಾಳೆ ಅಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಸೇದಿದರೂ ಅಷ್ಟೇ, ಅಗಿದರೂ ಅಷ್ಟೇ.

ಗೋಣಿಕೊಪ್ಪದ ಗದ್ದೆ · ಜನವರಿ 15

ಡಾಕ್ಟ್ರೇ, ಒಂದು ದಡ್ಡ ಪ್ರಶ್ನೆ. ಸೊರಗು ರೋಗ ಬರಬಾರದು ಅಂತ ನಾವು ಮೆಣಸನ್ನು ಬ್ರೆಜಿಲ್ ಹಿಪ್ಪಲಿ ಬುಡದ ಮೇಲೆ ಕಸಿ ಕಟ್ಟುತ್ತೇವೆ. ಬುಡ ಒಂದರದ್ದು, ಬಳ್ಳಿ ಇನ್ನೊಂದರದ್ದು, ಎರಡೂ ಬದುಕಿರುತ್ತವೆ. ಮೂಳೆ ಕಸಿ ಎಂದರೂ ಹಾಗೇನಾ? ಸೊಂಟದ ಮೂಳೆ ತೋಳಿನಲ್ಲಿ ಬದುಕಿ ಬೆಳೆಯುತ್ತಾ?

ನಾಪೋಕ್ಲು ನಂಟ · ಜನವರಿ 15

ದಡ್ಡ ಪ್ರಶ್ನೆ ಅಲ್ಲ ಅಣ್ಣಾ. ಕನ್ನಡದಲ್ಲಿ ಅದಕ್ಕೆ 'ಕಸಿ' ಅಂತ ಹೆಸರಿಟ್ಟಿದ್ದರಿಂದಲೇ ಈ ಗೊಂದಲ. ಗಿಡದ ಕಸಿಯಲ್ಲಿ ತಂದು ಕೂರಿಸಿದ ಕಣ್ಣು ಬದುಕಲೇಬೇಕು, ಅದು ಸತ್ತರೆ ಕಸಿಯೇ ಇಲ್ಲ. ಸೊಂಟದಿಂದ ತೆಗೆದು ತುಂಬುವ ಮೂಳೆಯಲ್ಲಿ ಹಾಗಲ್ಲ. ಅಲ್ಲಿಂದ ಕಿತ್ತ ಕೂಡಲೇ ರಕ್ತ ನಿಲ್ಲುತ್ತದೆ, ಅದರೊಳಗಿನ ಜೀವಕಣಗಳಲ್ಲಿ ಹೆಚ್ಚಿನವು ಸಾಯುತ್ತವೆ. ಮೇಲ್ಮೈಯಲ್ಲಿರುವ ಕೆಲವು ಮಾತ್ರ ಉಳಿಯುತ್ತವೆ.

ನಿಮ್ಮ ತೋಟದಲ್ಲೇ ಇದಕ್ಕೆ ಸರಿಯಾದ ಹೋಲಿಕೆ ಇದೆ: ಬಳ್ಳಿ ಹಬ್ಬಿಸುವ ಆಧಾರ ಮರ. ತುಂಬಿದ ಮೂಳೆಯ ರಂಧ್ರಗಳಲ್ಲಿ ತೋಳಿನ ರಕ್ತನಾಳಗಳು ಹತ್ತಿಕೊಂಡು ಬರುತ್ತವೆ. ಅವುಗಳ ಹಿಂದೆ ಮೂಳೆ ಕಟ್ಟುವ ಕಣಗಳು ಬರುತ್ತವೆ. ಹಳೇ ಮೂಳೆಯನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತಾ ಅದರ ಜಾಗದಲ್ಲಿ ಹೊಸದು ಕಟ್ಟುತ್ತವೆ. ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ನಡೆಯುವ ಕೆಲಸ. ಕೊನೆಗೆ ಆಧಾರ ಮರ ಕರಗಿ ಹೋಗಿ ಬಳ್ಳಿಯೇ ಮರ ಆದ ಹಾಗೆ. ಉಳಿದ ಜೀವಕಣಗಳು ಬೀಜದ ಕೆಲಸ ಮಾಡುತ್ತವೆ. ಮೂಳೆಯಲ್ಲಿರುವ ಕೆಲವು ಪ್ರೋಟೀನ್‌ಗಳು ಸುತ್ತಲಿನ ಕಣಗಳನ್ನು 'ಬನ್ನಿ, ಇಲ್ಲಿ ಕೆಲಸ ಇದೆ' ಎಂದು ಕರೆಯುತ್ತವೆ. ಆಧಾರ, ಬೀಜ, ಕರೆ ಮೂರೂ ಒಟ್ಟಿಗೆ ಇರುವುದು ನಮ್ಮದೇ ಮೈಯ ಮೂಳೆಯಲ್ಲಿ. ಅದಕ್ಕೇ ಸೊಂಟ.

ಇನ್ನೊಂದು ವಿಷಯ. ಆಧಾರ ಮರ ಗಾಳಿಗೆ ಅಲ್ಲಾಡುತ್ತಿದ್ದರೆ ಎಳೇ ಬಳ್ಳಿ ಹಿಡಿಯುವುದಿಲ್ಲ ಅಲ್ವಾ? ಪ್ಲೇಟ್ ಗಟ್ಟಿ ಇರಬೇಕು ಎನ್ನುವುದು ಅದಕ್ಕೆ. ಎಷ್ಟೋ ಸಲ ಕೂಡದೆ ಇರುವುದಕ್ಕೆ ಕಾರಣ ಮೂಳೆಯ ಕೊರತೆ ಅಲ್ಲ, ಪ್ಲೇಟ್ ಗಿಡ್ಡ ಆದದ್ದು.

ಮೆಣಸುಬಳ್ಳಿ · ಜನವರಿ 15

ಇದನ್ನು ಅಮ್ಮನಿಗೆ ಓದಿ ಹೇಳಿದೆ. 'ಆಧಾರ ಮರಕ್ಕೆ ಬೇರೆ ಕಡೆಯದು ತರಬಹುದಲ್ಲ, ನನ್ನ ಮಗನ ಸೊಂಟವೇ ಬೇಕಾ' ಎಂದರು. ಬೇರೆಯವರ ಮೂಳೆ ಸಿಗುತ್ತದಾ? ನಾನು ಕೊಡಬಹುದಾ?

ನಾಪೋಕ್ಲು ನಂಟ · ಜನವರಿ 15

ಅಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ಬೇರೆಯವರ ಮೂಳೆ ಸಿಗುತ್ತದೆ. ಸೊಂಟದ ಕೀಲು ಬದಲಿಸುವಾಗ ತೆಗೆದ ಮೂಳೆ, ತೀರಿಕೊಂಡ ದಾನಿಗಳ ಮೂಳೆ, ಎರಡನ್ನೂ ಪರೀಕ್ಷೆ ಮಾಡಿ, ಸಂಸ್ಕರಿಸಿ ಇಡುವ ಬ್ಯಾಂಕ್‌ಗಳಿವೆ. ಮುಂಬೈ ಟಾಟಾ ಮೆಮೋರಿಯಲ್‌ನಲ್ಲಿ 1980ರ ದಶಕದಿಂದ ಇದೆ. ಆದರೆ ಸಂಸ್ಕರಿಸುವಾಗ ಜೀವಕಣ ಉಳಿಯುವುದಿಲ್ಲ. ಹೆಚ್ಚುಕಡಿಮೆ ಬರೀ ಆಧಾರ. ಕ್ಯಾಲ್ಶಿಯಂ ಫಾಸ್ಫೇಟ್‌ನ ಕೃತಕ ಹರಳೂ ಅಷ್ಟೇ. ಹೊಸ ಮುರಿತದಲ್ಲಿ ಸಣ್ಣ ಗುಂಡಿ ತುಂಬಲು ಅವು ಸಾಕು. ಹತ್ತು ತಿಂಗಳು ಕೂಡದೆ ಸೋಮಾರಿಯಾದ ಮೂಳೆಗೆ ಬೀಜವೂ ಬೇಕು. ನೀವು ಕೊಡುವ ಅಗತ್ಯ ಇಲ್ಲ ಅಕ್ಕಾ. ಅಣ್ಣನ ಸೊಂಟದಲ್ಲೇ ಬೇಕಾದಷ್ಟು ಇದೆ, ಅವರದ್ದೇ ಒಳ್ಳೆಯದು.

ನಿವೃತ್ತ ಮೇಷ್ಟ್ರು, ವಿರಾಜಪೇಟೆ · ಜನವರಿ 16

ಬೇರೆಯವರ ಮೂಳೆ ಎಂದಾಗ ಒಂದು ಹಳೇ ಸಂಗತಿ ನೆನಪಾಯಿತು. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕ್‌ಇವನ್ ಎಂಬ ಸರ್ಜನ್ ಇದ್ದರು. ಒಬ್ಬ ಪುಟ್ಟ ಹುಡುಗನಿಗೆ ಸೋಂಕು ತಗುಲಿ ಮೇಲ್ತೋಳಿನ ಮೂಳೆಯ ಹೆಚ್ಚಿನ ಭಾಗವೇ ಹೋಗಿತ್ತು. ಕೈ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಆಗ ಆ ಊರಿನಲ್ಲಿ ಕಾಲು ಬಿಲ್ಲಿನ ಹಾಗೆ ಬಾಗಿದ ಮಕ್ಕಳು ಬಹಳ. ಅವರ ಮೊಣಕಾಲಿನ ಕೆಳಗಿನ ಮೂಳೆಯಿಂದ ಬೆಣೆಯ ಹಾಗೆ ತುಂಡು ಕತ್ತರಿಸಿ ಕಾಲು ನೇರ ಮಾಡುತ್ತಿದ್ದರು. ಎಸೆಯಬೇಕಾದ ಆ ತುಂಡುಗಳನ್ನೇ ಸಣ್ಣಗೆ ಕತ್ತರಿಸಿ, ಸ್ವಲ್ಪ ಸ್ವಲ್ಪವಾಗಿ ಈ ಹುಡುಗನ ತೋಳಿಗೆ ತುಂಬಿದರು. ಕೂಡಿತು! ಹುಡುಗ ದೊಡ್ಡವನಾಗಿ ಅದೇ ಕೈಯಲ್ಲಿ ದುಡಿದು ತಿಂದ. ಒಬ್ಬರ ಮೂಳೆ ಇನ್ನೊಬ್ಬರಿಗೆ ಹಾಕಿ ಗೆದ್ದ ಮೊದಲ ಉದಾಹರಣೆ ಎಂದು ಇದನ್ನೇ ಹೇಳುತ್ತಾರೆ. ಎಕ್ಸ್‌ರೇ ಕಂಡುಹಿಡಿಯುವುದಕ್ಕೆ ಹದಿನೈದು ವರ್ಷ ಮೊದಲು. ಒಳಗೆ ಕೂಡಿದೆಯೋ ಇಲ್ಲವೋ ಕೈಯಿಂದ ಮುಟ್ಟಿ ನೋಡಬೇಕಿತ್ತು.

ವಿಷಯಕ್ಕೆ ಹೊರಗಿನ ಮಾತಾದರೆ ಕ್ಷಮಿಸಿ, ಮೇಷ್ಟ್ರ ಚಾಳಿ.

ಸಂಪಾಜೆ ತಿರುವು · ಜನವರಿ 17

ಮಾಡಿಸಿದವರು ಇದ್ದೀರಾ ಎಂದು ಕೇಳಿದಿರಿ. ಇದ್ದೇನೆ. ನನ್ನದು ಸೊಂಟದ್ದಲ್ಲ, ಕಾಲಿನದು.

ಆರು ವರ್ಷದ ಹಿಂದೆ ಜುಲೈ ಮಳೆಯಲ್ಲಿ ಘಾಟಿ ಇಳಿಯುವಾಗ ಬೈಕ್ ಜಾರಿತು. ಎಡಗೈ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಕೆಸರು ಹೊಕ್ಕಿತ್ತು. ಒಂದಿಷ್ಟು ಮೂಳೆ ರಸ್ತೆಯಲ್ಲೇ ಹೋಯಿತು, ಉಳಿದದ್ದರಲ್ಲಿ ಸತ್ತದ್ದನ್ನು ಡಾಕ್ಟರೇ ಕತ್ತರಿಸಿ ತೆಗೆದರು. ಎಲ್ಲಾ ಮುಗಿದಾಗ ನಡುವೆ 9 ಸೆಂ.ಮೀ. ಖಾಲಿ. ಅಷ್ಟು ಉದ್ದಕ್ಕೆ ಸೊಂಟದ ಪುಡಿ ತುಂಬಿದರೆ ಹೆಚ್ಚಿನ ಸಲ ರಕ್ತ ಸಿಗುವ ಮೊದಲೇ ಕರಗಿಹೋಗುತ್ತದೆ ಎಂದರು. ಮೊದಲು ಆಂಟಿಬಯಾಟಿಕ್ ಬೆರೆಸಿದ ಸಿಮೆಂಟ್ ಉಂಡೆ ಇಟ್ಟು, ಹೊರಗಿನಿಂದ ಸರಳು ಹಾಕಿ ಎರಡು ತಿಂಗಳು ಬಿಟ್ಟರು. ಸೋಂಕು ಹೋದ ಮೇಲೆ ಕಾಲಿನ ಪಕ್ಕದ ಸಣ್ಣ ಮೂಳೆ, ಫಿಬ್ಯುಲಾ, ಅದರ ರಕ್ತನಾಳದ ಸಮೇತ ತೆಗೆದು ತೋಳಿಗೆ ಕೂರಿಸಿದರು. ತೋಳಿನ ರಕ್ತನಾಳಕ್ಕೆ ಅದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿಕೊಂಡು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರಂತೆ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವನು ಸಂಜೆ ಆರಕ್ಕೆ ಹೊರಗೆ ಬಂದೆ.

ಆಮೇಲಿನ ಎರಡು ರಾತ್ರಿ ಮರೆಯುವುದಿಲ್ಲ. ಮೂಳೆಯ ಜೊತೆ ಕಾಲಿನ ಚರ್ಮದ ಒಂದು ತುಂಡನ್ನೂ ತಂದು ತೋಳಿನ ಮೇಲೆ ಇಟ್ಟಿದ್ದರು. ಅದು ಕಿಟಕಿ. ಗಂಟೆಗೊಮ್ಮೆ ಸಿಸ್ಟರ್ ಬಂದು ಟಾರ್ಚ್ ಬಿಟ್ಟು ಅದರ ಬಣ್ಣ ನೋಡುತ್ತಿದ್ದರು. ಗುಲಾಬಿ ಇದ್ದರೆ ಒಳಗೆ ರಕ್ತ ಹರಿಯುತ್ತಿದೆ. ನೀಲಿ ಆದರೆ ಮತ್ತೆ ಥಿಯೇಟರ್. ನಾನಂತೂ ಸಿಸ್ಟರ್ ಮುಖ ನೋಡುತ್ತಿದ್ದೆ, ಚರ್ಮ ಅಲ್ಲ.

ಗೋಣಿಕೊಪ್ಪದ ಅಣ್ಣಾ, ನಿಮ್ಮ ಮೆಣಸಿನ ಕಸಿಗೆ ಸಮ ಅಂದರೆ ಇದು. ಇಲ್ಲಿ ಮೂಳೆ ಬದುಕಿರಬೇಕು.

ಈಗ ಹೇಗಿದೆ ಎಂದರೆ: ಕೈ ಇದೆ, ಕೆಲಸ ಮಾಡುತ್ತದೆ, ಕಾರು ಓಡಿಸುತ್ತೇನೆ. ಕಾಲಿನ ಮೂಳೆ ತೋಳಿನ ಮೂಳೆಗಿಂತ ಸಪೂರ. ಮೊದಲ ವರ್ಷ ಸಣ್ಣಗೆ ಬಿರುಕು ಬಿಟ್ಟು ಮತ್ತೆ ಆರು ವಾರ ಬ್ರೇಸ್ ಹಾಕಿದೆ. ನಿಧಾನವಾಗಿ ದಪ್ಪ ಆಗುತ್ತಾ ಬಂತು, ವರ್ಷ ವರ್ಷದ ಎಕ್ಸ್‌ರೇ ಪಕ್ಕ ಪಕ್ಕ ಇಟ್ಟರೆ ಗೊತ್ತಾಗುತ್ತದೆ. ಕೊಡಲಿ ಹಿಡಿದು ಸೌದೆ ಒಡೆಯುವುದಿಲ್ಲ. ಕಾಲು ಪರವಾಗಿಲ್ಲ, ಮೈ ಭಾರ ಹೊರುವುದು ಪಕ್ಕದ ದೊಡ್ಡ ಮೂಳೆ. ಹರಡು ಅಲ್ಲಾಡಬಾರದು ಅಂತ ಕೆಳಗಿನ 6-7 ಸೆಂ.ಮೀ. ಬಿಟ್ಟೇ ಕತ್ತರಿಸುತ್ತಾರೆ. ಹೆಬ್ಬೆರಳು ಮಡಿಸುವ ಶಕ್ತಿ ಮಾತ್ರ ಕಡಿಮೆ. ಚಪ್ಪಲಿ ಜಾರುತ್ತದೆ.

ನಿಮ್ಮ ಅಣ್ಣನದು ಇಷ್ಟು ದೊಡ್ಡದಲ್ಲ. ಹೆದರಬೇಡಿ.

ಮೆಣಸುಬಳ್ಳಿ · ಜನವರಿ 17

ಅಣ್ಣನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಎದ್ದು ಹೋಗಿ ಹೊಗೆಸೊಪ್ಪಿನ ಡಬ್ಬಿ ಹಿಂದಿನ ಗುಂಡಿಗೆ ಎಸೆದು ಬಂದರು. ನಮ್ಮ ಮಾತಿಗೆ ಹತ್ತು ವರ್ಷದಿಂದ ಆಗದ ಕೆಲಸ.

ಭಾಗಮಂಡಲದ ಮಳೆ · ಜನವರಿ 18

ಖರ್ಚಿನ ವಿಷಯ ಯಾರೂ ಹೇಳಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆಯಾ? ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷ ಮೀರುವ ಹಾಗಿಲ್ಲ. ಇದು ತುರ್ತು ಕೇಸ್ ಅಲ್ಲ, ಹಾಗಾಗಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಮೊದಲು ತೋರಿಸಿ. ಹಳೇ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲಾ ತೆಗೆದುಕೊಂಡು ಹೋಗಿ. ನಾವು ಚೀಟಿ ಇಲ್ಲದೆ ಹೊರಟು ಮೈಸೂರಿನಿಂದ ವಾಪಸ್ ಬಂದಿದ್ದೇವೆ, ಹೋಗಿ ಬರಲು 240 ಕಿ.ಮೀ. ಪ್ಲೇಟ್, ಸ್ಕ್ರೂ ಪ್ಯಾಕೇಜ್‌ನಲ್ಲಿ ಸೇರಿದೆಯಾ ಅಂತ ಮೊದಲೇ ಬಾಯಿಬಿಟ್ಟು ಕೇಳಿ.

ಹಾರಂಗಿ ದಂಡೆ · ಜನವರಿ 18

ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮಾವನದು ಹೊಸ ಮುರಿತ ಆಗಿತ್ತು. ಆದರೂ ಒಂದು ಅನುಮಾನ. ನಡುವೆ ಜಾಗ ಖಾಲಿ ಇದ್ದರೆ ಎರಡೂ ತುದಿ ಹತ್ತಿರ ತಂದು ಕೂಡಿಸಿಬಿಟ್ಟರೆ ಆಗಲ್ವಾ? ಕಸಿಯೇ ಬೇಡ.

ನಾಪೋಕ್ಲು ನಂಟ · ಜನವರಿ 19

ಆಗುತ್ತದೆ, ಮಾಡುತ್ತೇವೆ ಕೂಡ. ಕಾಲು ಒಂದು ಇಂಚು ಗಿಡ್ಡ ಆದರೆ ಕುಂಟಬೇಕಾಗುತ್ತದೆ. ತೋಳು 2-3 ಸೆಂ.ಮೀ. ಗಿಡ್ಡ ಆದರೆ ಅಂಗಿ ತೋಳು ಒಂದು ಮಡಿಕೆ ಮಡಿಸಿದರೆ ಮುಗಿಯಿತು. ಹಾಗಾಗಿ ಸತ್ತ ತುದಿಗಳನ್ನು ರಕ್ತ ಜಿನುಗುವವರೆಗೆ ಕತ್ತರಿಸಿ, ಹತ್ತಿರ ತಂದು ಒತ್ತಿ ಪ್ಲೇಟ್ ಹಾಕಿ, ಸುತ್ತ ಸೊಂಟದ ಮೂಳೆ ತುಂಬುವುದು ಸಾಮಾನ್ಯ. ಕಸಿಯನ್ನು ಬಿಡುವುದಿಲ್ಲ, ಅದರ ಮೇಲಿನ ಭಾರ ಕಡಿಮೆ ಮಾಡುತ್ತೇವೆ.

ಅಕ್ಕಾ, ಒಂದು ಎಚ್ಚರಿಕೆ. ಮಣಿಕಟ್ಟು ಎತ್ತುವ ರೇಡಿಯಲ್ ನರ ಮೇಲ್ತೋಳಿನ ಮೂಳೆಯ ಹಿಂದೆ ಅಂಟಿಕೊಂಡ ಹಾಗೆ ಸುತ್ತಿ ಇಳಿಯುತ್ತದೆ. ಈ ಮೂಳೆಯ ನಡುಭಾಗ ಮುರಿದ ನೂರರಲ್ಲಿ ಹತ್ತು ಹನ್ನೆರಡು ಜನರಿಗೆ ಅವತ್ತೇ ಮಣಿಕಟ್ಟು ಜೋತುಬೀಳುತ್ತದೆ, ಹೆಚ್ಚಿನವರಿಗೆ ತಾನೇ ಸರಿಹೋಗುತ್ತದೆ. ಎರಡನೇ ಆಪರೇಷನ್‌ನಲ್ಲಿ ಆ ನರ ಗಾಯದ ನಾರಿನೊಳಗೆ ಹುದುಗಿರುತ್ತದೆ. ಮೊದಲು ನರ ಹುಡುಕಿ ಬಿಡಿಸಿ, ಆಮೇಲೆ ಪ್ಲೇಟ್ ಬಿಚ್ಚಬೇಕು. ಆಪರೇಷನ್ ಆದ ಮೇಲೆ ಮಣಿಕಟ್ಟು ಮತ್ತೆ ಕೆಲವು ವಾರ ಜೋತುಬಿದ್ದರೆ ಗಾಬರಿ ಆಗಬೇಡಿ. ಆದರೆ ಇದರ ಬಗ್ಗೆ ಮೊದಲೇ ಮಾತಾಡಿರಿ.

ಫಿಸಿಯೋ ತಂಗಿ, ಕುಶಾಲನಗರ · ಜನವರಿ 19

ಆಪರೇಷನ್ ಆದ ಮೇಲೆ ಕೈ ಜೋಳಿಗೆಯಲ್ಲೇ ಮೂರು ತಿಂಗಳು ಇಟ್ಟುಕೊಂಡು ಬರುತ್ತಾರೆ, ಅದೇ ನನ್ನ ತಕರಾರು. ಮೂಳೆ ಕೂಡಿರುತ್ತದೆ, ಭುಜ ಮತ್ತು ಮೊಣಕೈ ಮರ ಆಗಿರುತ್ತವೆ. ಪ್ಲೇಟ್ ಗಟ್ಟಿ ಇದ್ದರೆ ಸರ್ಜನ್ ಒಪ್ಪಿಗೆ ತೆಗೆದುಕೊಂಡು ಮೊದಲ ವಾರದಿಂದಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸಬೇಕು. ಮುಂದಕ್ಕೆ ಬಾಗಿ ಕೈ ಇಳಿಬಿಟ್ಟು ಗಡಿಯಾರದ ಲೋಲಕದ ಹಾಗೆ ತೂಗಬೇಕು. ಭಾರ ಎತ್ತುವುದು ಮಾತ್ರ ಡಾಕ್ಟರು ಹೇಳುವವರೆಗೆ ಇಲ್ಲ. ನೀರಿನ ಚೊಂಬು ಕೂಡ ಇಲ್ಲ.

ಮೆಣಸುಬಳ್ಳಿ · ಫೆಬ್ರವರಿ 27

ಅಣ್ಣನಿಗೆ 19ನೇ ತಾರೀಕು ಆಪರೇಷನ್ ಆಯಿತು. ನಾಲ್ಕು ಗಂಟೆ. ರಕ್ತ ಪರೀಕ್ಷೆಯಲ್ಲಿ ಸೋಂಕು ಇರಲಿಲ್ಲ. ವಿಟಮಿನ್ ಡಿ ಬಹಳ ಕಡಿಮೆ ಇತ್ತು. ದಿನವಿಡೀ ತೋಟದಲ್ಲೇ ಇರುವವರಿಗೆ ಹೇಗೆ ಎಂದು ಕೇಳಿದೆ. ನೆರಳಿನಲ್ಲಿ ತುಂಬುತೋಳಿನ ಅಂಗಿ ಹಾಕಿಕೊಂಡು ಇರುತ್ತಾರಲ್ಲ ಎಂದರು. ಅದೂ ಸರಿ.

ಹಳೇ ಪ್ಲೇಟ್‌ಗೆ ಮುರಿದ ಜಾಗದ ಕೆಳಗೆ ಎರಡೇ ಸ್ಕ್ರೂ ಹಿಡಿದಿದ್ದವಂತೆ. ಈಗ ಎರಡೂ ಕಡೆ ನಾಲ್ಕು ನಾಲ್ಕು. ತೋಳು ಒಂದೂವರೆ ಸೆಂ.ಮೀ. ಗಿಡ್ಡ ಮಾಡಿದರು. ಸೊಂಟದಿಂದ ತೆಗೆದದ್ದನ್ನು ಡಾಕ್ಟರು ವಿವರಿಸಿದ್ದು ಹೀಗೆ: ಮುಂಭಾಗದ ಗಂಟಿನ ಸ್ವಲ್ಪ ಹಿಂದೆ ಎರಡು ಇಂಚು ಕುಯ್ದು, ಮೇಲಿನ ಚಿಪ್ಪು ತೆರೆದು, ಒಳಗಿನ ಮೆದು ಮೂಳೆ ಕೆರೆದು ತೆಗೆದರಂತೆ. ತುರಿದ ಕೊಬ್ಬರಿ ಹಾಗೆ ಇರುತ್ತದಂತೆ, ಬಣ್ಣ ಮಾತ್ರ ಕೆಂಪು. ಎಲ್ಲಾ ಸೇರಿ ಒಂದು ಸಣ್ಣ ಬಟ್ಟಲು.

ನೋವು ಕೈಗಿಂತ ಸೊಂಟದಲ್ಲೇ ಜಾಸ್ತಿ. ನಾಲ್ಕು ದಿನ ಮಗ್ಗುಲು ಬದಲಿಸಲು ಆಗಲಿಲ್ಲ. ತೊಡೆಯ ಹೊರಗೆ ಒಂದು ಅಂಗೈ ಅಗಲ ಜೋಮು ಇದೆ. ಮಣಿಕಟ್ಟು ಸರಿ ಇದೆ, ದೇವರ ದಯೆ.

ಸಂಪಾಜೆ ತಿರುವು · ಫೆಬ್ರವರಿ 27

ಖುಷಿಯಾಯಿತು ಅಕ್ಕಾ. ಕೆಮ್ಮುವಾಗ, ಸೀನುವಾಗ ಸೊಂಟದ ಮೇಲೆ ದಿಂಬು ಒತ್ತಿ ಹಿಡಿದುಕೊಳ್ಳಲು ಹೇಳಿ. ಆಸ್ಪತ್ರೆಯಲ್ಲಿ ಪಕ್ಕದ ಬೆಡ್‌ನವರು ಹಾಗೆ ಮಾಡುತ್ತಿದ್ದರು.

ನಾಪೋಕ್ಲು ನಂಟ · ಫೆಬ್ರವರಿ 28

ಆ ಜೋಮು ತೊಡೆಯ ಚರ್ಮಕ್ಕೆ ಹೋಗುವ ಸಣ್ಣ ನರದ್ದು. ಕಾಲಿನ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೆಚ್ಚಿನವರಿಗೆ ಕಡಿಮೆ ಆಗುತ್ತದೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಮುಂದಿನ ಭೇಟಿಯಲ್ಲಿ ಹೇಳಿ. ನೋವಿನ ಮಾತ್ರೆ ಮೆಡಿಕಲ್ ಶಾಪ್‌ನಿಂದ ನೀವೇ ತಂದು ನುಂಗಿಸಬೇಡಿ.

ಮೆಣಸುಬಳ್ಳಿ · ಜೂನ್ 21

ನಾಲ್ಕು ತಿಂಗಳ ಎಕ್ಸ್‌ರೇ. ನಮ್ಮ ಕಣ್ಣಿಗೆ ಮೋಡ ಕವಿದ ಹಾಗೆ ಕಾಣುತ್ತದೆ. ಡಾಕ್ಟರು ಅದನ್ನೇ ನೋಡಿ ನಕ್ಕರು. ಆ ಮೋಡವೇ ಹೊಸ ಮೂಳೆಯಂತೆ. ಇಲ್ಲಿ ಹೊರಗೂ ಅದೇ, ಎಂಟು ದಿನದಿಂದ ಬಿಡದೆ ಮಳೆ, ಕರೆಂಟ್ ಇಲ್ಲ. ಅಣ್ಣ ಒಲೆ ಮುಂದೆ ಕೂತು ಮೊಣಕೈ ಮಡಿಸಿ ಬಿಡಿಸಿ ಮಾಡುತ್ತಾರೆ. ಫಿಸಿಯೋ ತಂಗಿಯ ಮಾತು ಕೇಳಿದ್ದು ಒಳ್ಳೆಯದಾಯಿತು, ಭುಜ ಹಿಡಿದುಕೊಂಡಿಲ್ಲ. ಹೊಗೆಸೊಪ್ಪು ಮತ್ತೆ ಮುಟ್ಟಿಲ್ಲ. ಬರೀ ಎಲೆ ಅಡಿಕೆ, ಮುಖ ಸಿಂಡರಿಸಿಕೊಂಡು.

ಗೋಣಿಕೊಪ್ಪದ ಗದ್ದೆ · ಜೂನ್ 22

ಆಧಾರ ಮರ ಹಿಡಿಯಿತು ಅಂತಾಯಿತು.

ಮೆಣಸುಬಳ್ಳಿ · ಸೆಪ್ಟೆಂಬರ್ 12

ಇದು ನನ್ನ ಕೊನೆಯ ವರದಿ ಇರಬೇಕು. ಮೂಳೆಯ ನಾಲ್ಕು ಬದಿಯಲ್ಲಿ ಮೂರು ಬದಿ ಕೂಡಿದೆ. ಅಷ್ಟಾದರೆ ಕೂಡಿದ ಲೆಕ್ಕವೇ ಎಂದರು ಡಾಕ್ಟರು. ಸ್ವಲ್ಪ ಸ್ವಲ್ಪ ಭಾರ ಎತ್ತಬಹುದು. ಪ್ಲೇಟ್ ತೊಂದರೆ ಕೊಡದಿದ್ದರೆ ಒಳಗೇ ಇರಲಿ, ತೆಗೆಯಲು ಹೋದರೆ ಮತ್ತೆ ಆ ನರ ಅಡ್ಡ ಬರುತ್ತದೆ ಎಂದರು.

ಕೈಲ್ ಮುಹೂರ್ತದ ದಿನ, ಅದೇ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ, ಅಣ್ಣ ಡಾಕ್ಟರಿಗೆ ಫೋನ್ ಮಾಡಿ 'ಕೋವಿ ಹೊಡೆಯಬಹುದಾ ಸರ್' ಎಂದು ಕೇಳಿದ್ದಾರೆ! ಕೋವಿಯ ಒದೆತ ನೇರ ಆ ಭುಜಕ್ಕೇ ಅಲ್ವಾ? ಈ ವರ್ಷ ಬೇಡವೇ ಬೇಡ ಎಂದಿದ್ದಾರೆ. ಎಡ ಭುಜಕ್ಕೆ ಕೊಟ್ಟು ಹೊಡೆಯುತ್ತೇನೆ ಎಂದು ಹೊರಟರು. ಪೂಜೆ ಮುಗಿದ ಕೂಡಲೇ ಅಮ್ಮ ಕೋವಿ ಒಳಗಿಟ್ಟು ಬೀಗ ಹಾಕಿದರು. ತೆಂಗಿನಕಾಯಿಗೆ ಗುರಿ ಇಟ್ಟಿದ್ದು ನನ್ನ ಮಗ.

ಈ ಸಲ ಮೆಣಸು ಗುತ್ತಿಗೆಗೆ ಕೊಡುತ್ತಿದ್ದೇವೆ. ಕೊಯ್ಯುವವರಿಗೆ ಸೊಂಟಕ್ಕೆ ಹಗ್ಗ ಕಟ್ಟಲೇಬೇಕು ಎಂದು ಅಣ್ಣ ಈಗಲೇ ಷರತ್ತು ಹಾಕಿದ್ದಾರೆ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ · ಸೆಪ್ಟೆಂಬರ್ 12

ಬಹಳ ಸಂತೋಷ ಮಗಳೇ. ಅಮ್ಮ ಈಗ ಏನು ಹೇಳುತ್ತಾರೆ?

ಮೆಣಸುಬಳ್ಳಿ · ಸೆಪ್ಟೆಂಬರ್ 13

ಕೈ ಬಗ್ಗೆ ಒಂದು ಮಾತೂ ಕೇಳುವುದಿಲ್ಲ ಮೇಷ್ಟ್ರೇ. ಅಣ್ಣ ತೋಟದಿಂದ ಬಂದು ಕೂತರೆ ಸಾಕು, 'ಸೊಂಟ ಹೇಗಿದೆ?' ಎನ್ನುತ್ತಾರೆ.